ಎದ್ದು ಬಂದ ವ್ಯಾಪಾರ

ನಮ್ಮ ಮನೆಗೆ ಹೊಸದಾಗಿ ಯಾವ ವಸ್ತು ಬಂದರೂ ಅದನ್ನು ಮುಟ್ಟಿ ನೋಡುವ ಮೊದಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಎಷ್ಟಾತು? ಉತ್ತರ ಕೇಳಿದ ಮೇಲೆ ಹೇಳುವ ಮಾತೂ ಒಂದೇ, ಜಾಸ್ತಿ ಆತು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಅಡತಿ ಅಂಗಡಿ ನಮ್ಮದು. ರೈತರ ಮಾಲನ್ನು ಮಾರಿಸಿಕೊಟ್ಟು ಕಮಿಷನ್ ಪಡೆಯುವ ಕೆಲಸ. ವಿಜಾಪುರದ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದನ್ನು ಈಗ ನಾನು ನಡೆಸುತ್ತೇನೆ. ಹೇಳಿದ ಬೆಲೆಗೆ ಏನನ್ನಾದರೂ ಕೊಂಡು ತಂದವನನ್ನು ನಮ್ಮವರು ಕಿಸೆ ಕತ್ತರಿಸಿಕೊಂಡು ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ನಾನೂ ಹಾಗೇ ನೋಡುತ್ತಿದ್ದೆ.

ಅಪ್ಪನ ಕಾಲದಲ್ಲಿ ವ್ಯಾಪಾರ ಟವೆಲಿನ ಕೆಳಗೆ ನಡೆಯುತ್ತಿತ್ತು. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಳ್ಳುವರು, ಮೇಲೊಂದು ಟವೆಲ್ ಬೀಳುವುದು. ಎದುರಿನವನ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಬೆರಳು ಸೇರಿಸಿ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು, ಸುತ್ತ ನಿಂತವರಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಈಗ ಎಲ್ಲವೂ ಕೂಗಿ ಹೇಳುವ ಹರಾಜು. ಬಾಯಲ್ಲಿ ಎಷ್ಟಾದರೂ ಸುಳ್ಳು ಹೇಳು, ಟವೆಲಿನ ಕೆಳಗೆ ಕೈ ಇಟ್ಟ ಮೇಲೆ ಸುಳ್ಳು ಹೇಳಬೇಡ ಎಂಬುದು ಅಪ್ಪನ ಕಟ್ಟಪ್ಪಣೆಯಾಗಿತ್ತು.

ಈ ಬೆರಳಿನ ಲೆಕ್ಕವನ್ನು ನನಗೆ ಕಲಿಸಿದ್ದು ಅಪ್ಪನಲ್ಲ, ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಹೆಣ್ಣುಮಕ್ಕಳು ಯಾರ್ಡಿಗೆ ಕಾಲಿಡುವ ಪದ್ಧತಿ ಇರಲಿಲ್ಲ, ಆದರೆ ಅಪ್ಪ ಊಟಕ್ಕೆ ಬಂದಾಗ ಕಾಡಿ ಬೇಡಿ ಅವಳು ಎಲ್ಲ ಕಲಿತುಕೊಂಡಿದ್ದಳು. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದರೆ ನಾವಿಬ್ಬರೂ ಅವಳ ಸೆರಗಿನ ಕೆಳಗೆ ಕೈ ತೂರಿಸಿ ಪೇರಲ ಹಣ್ಣಿನ ವ್ಯಾಪಾರ ಮಾಡುತ್ತಿದ್ದೆವು. ಒಂದು ದಿನವೂ ನಾನು ಅಕ್ಕನ ಹತ್ತಿರ ಗೆದ್ದವನಲ್ಲ.

ಆ ಅಕ್ಕನ ಕಿಡ್ನಿ ಎರಡು ವರ್ಷದಿಂದ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವಳಿರುವುದು ಊರಿನ ಇನ್ನೊಂದು ತುದಿಯ ಭೋಸರಿಯಲ್ಲಿ. ಗಂಡ ತೀರಿಕೊಂಡಿದ್ದಾರೆ, ಮಗನಿಗೆ ಕಾರ್ಖಾನೆಯ ಶಿಫ್ಟು. ಹಾಗಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂತು. ಬಂತು ಎಂದೆ, ನಿಜ ಹೇಳಬೇಕೆಂದರೆ ನಾನು ಅವಳ ಮೇಲೆ ಹಾಕಿದೆ. ಬೆಳಿಗ್ಗೆ ಹರಾಜಿನ ಹೊತ್ತು ಎಂಬ ನೆಪ ನನ್ನ ಬಾಯಿತುದಿಯಲ್ಲೇ ಇರುತ್ತಿತ್ತು. ಜೊತೆಗೆ ನನಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಬಾರದು. ಅವಳು ಭೋಸರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದಳು. ಫೋನಿನಲ್ಲಿ ಕರೆದ ಕ್ಯಾಬುಗಳು ಬರುತ್ತೇನೆಂದು ಹೇಳಿ ಅರ್ಧ ದಾರಿಯಲ್ಲಿ ಕ್ಯಾನ್ಸಲ್ ಮಾಡುತ್ತಿದ್ದವು.

ಒಂದು ದಿನ ನನ್ನ ಹೆಂಡತಿ ನನಗೆ ಒಂದು ಮಾತೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿ ಬಂದಳು. ಐವತ್ತೆರಡನೆಯ ವಯಸ್ಸಿನಲ್ಲಿ. ನಾನು ನಕ್ಕೆ. ಅವಳು ಲೈಸೆನ್ಸ್ ತಂದು ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಎಡ ಮೊಣಕಾಲು ನೋವಿರುವುದರಿಂದ ಪದೇ ಪದೇ ಕ್ಲಚ್ ತುಳಿಯುವುದು ಆಗದು, ಆಟೋಮ್ಯಾಟಿಕ್ ಕಾರೇ ಬೇಕು ಎಂದಳು. ಹೊಸದು ರಸ್ತೆಗೆ ಇಳಿಯುವ ಹೊತ್ತಿಗೆ ಒಂಬತ್ತು ಲಕ್ಷದ ಹತ್ತಿರ ಬರುತ್ತಿತ್ತು. ಸ್ವಲ್ಪ ಓಡಿದ, ಕಂಪನಿಯವರೇ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಟ್ಟ ಕಾರು ಸಾಕು ಎಂದು ಇಬ್ಬರೂ ಒಪ್ಪಿದೆವು. ಬೆಲೆಯ ಮಾತು ನನಗೆ ಬಿಡು ಎಂದೆ. ಬಿಟ್ಟಳು.

ವಿಮಾನ ನಗರದ ಶೋರೂಮಿನಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ನಮ್ಮನ್ನು ಎದುರುಗೊಂಡಳು. ಮೊದಲು ಹಿಂದಿಯಲ್ಲಿ ಮಾತಾಡಿದವಳು ನಮ್ಮ ಪಿಸುಮಾತು ಕೇಳಿ, "ಓ, ನೀವು ಕನ್ನಡದವ್ರಾ ಸರ್? ಬನ್ನಿ ಬನ್ನಿ" ಎಂದು ಮುಖ ಅರಳಿಸಿದಳು. ತೋರಿಸಿದ್ದು ಒಂದು ಬೂದು ಬಣ್ಣದ ಸಣ್ಣ ಕಾರು. ಒಬ್ಬನೇ ಮಾಲೀಕ, ಹನ್ನೊಂದು ಸಾವಿರ ಕಿಲೋಮೀಟರ್, ಒಂದು ವರ್ಷದ ವಾರಂಟಿ. ಬೆಲೆ ಆರು ಲಕ್ಷ ತೊಂಬತ್ತು ಸಾವಿರ.

ಮೆಣಸಿನಕಾಯಿ ಚೀಲದ ಬಾಯಲ್ಲಿ ಕೆಂಪಗೆ ಮಿರಮಿರ ಮಿಂಚುವ ಕಾಯಿ ಇರುತ್ತದೆ, ನಿಜವಾದ ಮಾಲು ಇರುವುದು ತಳದಲ್ಲಿ. ಮೊಳಕೈವರೆಗೆ ಕೈ ಇಳಿಸದೆ ನಾನು ಯಾವ ಚೀಲಕ್ಕೂ ಬೆಲೆ ಕಟ್ಟಿದವನಲ್ಲ. ಕಾರಿನ ಹೊಳಪನ್ನು ಬಿಟ್ಟು ತಳಕ್ಕೇ ಹೋದೆ. ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿದೆ. ಹನ್ನೊಂದು ಸಾವಿರ ಎಂದು ಮೀಟರು ಹೇಳಿ ಪೆಡಲು ಐವತ್ತು ಸಾವಿರ ಎಂದರೆ ಅಲ್ಲೇ ಕಳ್ಳತನ ಸಿಕ್ಕಿಬೀಳುತ್ತದೆ. ಹಾಗಾಗಲಿಲ್ಲ. ಟೈರುಗಳ ಮೇಲಿನ ತಯಾರಿಕೆಯ ತಾರೀಖು ನಾಲ್ಕಕ್ಕೂ ಒಂದೇ ಇತ್ತು. ಡಿಕ್ಕಿಯ ಮ್ಯಾಟ್ ಎತ್ತಿದರೆ ಕೆಳಗಿನ ತಗಡಿನಲ್ಲಿ ಬಡಿದು ಸರಿಮಾಡಿದ ಗುರುತಿಲ್ಲ, ತುಕ್ಕಿಲ್ಲ, ನೀರು ನಿಂತ ಕಲೆಯಿಲ್ಲ. ಸರ್ವಿಸ್ ಮಾಡಿಸಿದ ಕಾಗದಗಳಲ್ಲಿನ ಕಿಲೋಮೀಟರುಗಳು ಒಂದರ ಹಿಂದೆ ಒಂದು ಸರಿಯಾಗಿ ಏರುತ್ತಿದ್ದವು. ಆ ಹುಡುಗಿ ನಗುತ್ತ, "ಸರ್, ನಮ್ಮ ಇನ್ಸ್‌ಪೆಕ್ಟರ್‌ಗಿಂತ ನೀವೇ ಸ್ಟ್ರಿಕ್ಟು" ಎಂದಳು.

ಬೆಲೆಯ ಲೆಕ್ಕವನ್ನೂ ಹಾಕಿದ್ದೆ. ಇಂಥದೇ ಕಾರು ಮಾಲೀಕರೇ ನೇರವಾಗಿ ಮಾರುವಲ್ಲಿ ಆರೂ ನಲವತ್ತಕ್ಕೆ ಸಿಗುತ್ತಿತ್ತು. ಇಲ್ಲಿ ಐವತ್ತು ಸಾವಿರ ಹೆಚ್ಚು. ಅದರಲ್ಲಿ ವಾರಂಟಿ, ಎರಡು ಸರ್ವಿಸ್, ಹೆಸರು ವರ್ಗಾಯಿಸುವ ಓಡಾಟ ಎಲ್ಲ ಕಳೆದರೆ ಉಳಿಯುವುದು ಹದಿನೈದು ಇಪ್ಪತ್ತು ಸಾವಿರ. ಅದು ನಂಬಿಕೆಯ ಬೆಲೆ. ಡಯಾಲಿಸಿಸ್ ಮುಗಿಸಿದ ಅಕ್ಕನನ್ನು ಕೂರಿಸಿಕೊಂಡ ಗಾಡಿ ನಡುರಸ್ತೆಯಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆಗೆ ಅಷ್ಟು ಕೊಡುವುದು ಅನ್ಯಾಯವೇನಲ್ಲ. ಬೆಲೆ ಸರಿಯಾಗಿಯೇ ಇತ್ತು. ಅಲ್ಲಿ ಕೂತಾಗಲೇ ನನಗದು ಗೊತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಆದರೂ ಕೇಳಿದೆ. "ಆರೂ ಎಂಬತ್ತಕ್ಕ ಮುಗಿಸ್ರಿ."

"ಇಲ್ಲ ಸರ್, ನಮ್ಮಲ್ಲಿ ಫಿಕ್ಸ್ ರೇಟ್. ಸಿಸ್ಟಮ್‌ನಲ್ಲಿ ಏನಿದ್ಯೋ ಅದೇ."

"ಮ್ಯಾನೇಜರ್‌ನ ಕೇಳ್ರಿ."

"ಅವ್ರೂ ಚೇಂಜ್ ಮಾಡೋಕ್ಕಾಗಲ್ಲ ಸರ್."

ನನ್ನ ಪಿತ್ತ ನೆತ್ತಿಗೇರಿತು. ಹತ್ತು ಸಾವಿರದ ಮಾತಲ್ಲ, ಒಂದು ರೂಪಾಯಿಯಾದರೂ ಇಳಿಯಬೇಕಿತ್ತು. ನಮ್ಮ ಯಾರ್ಡಿನಲ್ಲಿ ಇಂಥ ಹೊತ್ತಿಗೆ ಮಾಡುವುದು ಒಂದೇ, ಎದ್ದು ಹೋಗುವುದು. ಅದು ಸಿಟ್ಟಲ್ಲ, ವ್ಯಾಪಾರದ ಒಂದು ಮಾತು. ಎದ್ದವನು ನಿಧಾನವಾಗಿ ನಡೆಯಬೇಕು, ಹಿಂದೆ ತಿರುಗಿ ನೋಡಬಾರದು. ಮೂರನೇ ಅಂಗಡಿ ದಾಟುವುದರೊಳಗೆ ಹಿಂದಿನಿಂದ "ಬರ್ರಿ, ಕೂಡ್ರಿ, ಚಹಾ ಕುಡೀರಿ" ಎಂಬ ಕೂಗು ಬರುತ್ತದೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಾರದೆ ಇದ್ದದ್ದಿಲ್ಲ. ಹೆಂಡತಿಗೆ "ಏಳು, ನಡಿ" ಎಂದೆ.

ಅವಳು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಕಾರಿನಲ್ಲೇ ಕೂತಿದ್ದಳು. ಕನ್ನಡಿಯನ್ನು ತನ್ನ ಎತ್ತರಕ್ಕೆ ಆಗಲೇ ಸರಿಮಾಡಿಕೊಂಡಿದ್ದಳು. ನನ್ನ ಮುಖ ನೋಡಿ ಇಳಿದು ಬಂದಳು.

ರಸ್ತೆಯ ಆಚೆ ಚಹಾದಂಗಡಿಯಲ್ಲಿ ಕೂತೆವು. ನಾನು ಫೋನನ್ನು ಟೇಬಲ್ಲಿನ ಮೇಲೆ, ಮುಖ ಮೇಲಾಗಿ ಇಟ್ಟೆ. ಎರಡು ಚಹಾ ಆದವು.

"ಅವರು ಕರೀತಾರಂತ ಕುಂತೀರೇನ್ರಿ?" ಎಂದಳು.

"ಕರೀಲಾರದ ಎಲ್ಲಿಗೆ ಹೋಗ್ತಾರ? ಇಲ್ಲಂದ್ರ ನಾಳೆ ಕರೀತಾರ."

ಮರುದಿನವೂ ಕರೆಯಲಿಲ್ಲ, ಅದರ ಮರುದಿನವೂ ಇಲ್ಲ. ಹೆಂಡತಿ ನೀವೇ ಒಂದು ಫೋನ್ ಮಾಡಿ ಎಂದಳು. ಮೊದಲು ಫೋನ್ ಮಾಡಿದವನು ಸೋತ ಹಾಗೆ ಎಂದು ನಾನು ಬಿಗುಮಾನದಿಂದ ಕೂತೆ. ನಾಲ್ಕನೇ ದಿನ ತಡೆಯಲಾರದೆ ಮಾಡಿದೆ. ಆ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು, "ಸಾರಿ ಸರ್, ಆ ಕಾರು ಅವತ್ತೇ ಸಂಜೆ ಹೋಯ್ತು. ಆನ್‌ಲೈನ್‌ನಲ್ಲಿ ಬುಕ್ ಮಾಡ್ಬಿಟ್ರು." ನಾನು ಚಹಾದಂಗಡಿಯಲ್ಲಿ ಮೀಸೆಯ ಮೇಲೆ ಕೈ ಆಡಿಸುತ್ತ ಕೂತಿದ್ದಾಗಲೇ ಯಾರೋ ಮನೆಯಲ್ಲಿ ಕೂತು ಕಾರನ್ನು ಕೊಂಡಿದ್ದರು. ಹೆಂಡತಿಗೆ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಹಿಟ್ಟು ನಾದುತ್ತಿದ್ದವಳು ಹಾಗೇ ನಾದುತ್ತ ಇದ್ದಳು.

ಆ ವಾರ ಅವಳ ಮೊಣಕಾಲು ಊದಿಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಹರಾಜನ್ನು ಗುಮಾಸ್ತರಿಗೆ ಒಪ್ಪಿಸಿ ಎರಡು ವರ್ಷದಲ್ಲಿ ಮೊದಲ ಸಲ ನಾನೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೋಗುವಾಗ ಅವಳು ಚೆನ್ನಾಗಿಯೇ ಇದ್ದಳು, ಮೆಣಸಿನಕಾಯಿಯ ರೇಟು ಕೇಳಿದಳು. ನಾಲ್ಕು ತಾಸು ಬಿಟ್ಟು ಹೊರಗೆ ಬಂದವಳು ಬೇರೆ ಯಾರೋ ಎನಿಸಿತು. ಮುಖದಲ್ಲಿ ರಕ್ತವಿಲ್ಲ, ನನ್ನ ತೋಳು ಹಿಡಿದ ಕೈಯಲ್ಲಿ ಬಲವಿಲ್ಲ. ರಿಕ್ಷಾ ಒಂದೊಂದು ಗುಂಡಿಗೆ ಹಾರಿದಾಗಲೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಬಿಸಿಲು, ಲಾರಿಗಳ ಹೊಗೆ. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ತಡೆಯಲಾಗದೆ ವಾಂತಿಯಾಯಿತು. ಸೀಟಿನ ಮೇಲೂ ಬಿತ್ತು.

ಅಕ್ಕ ತನ್ನ ಸೆರಗಿನಿಂದಲೇ ಸೀಟು ಒರೆಸತೊಡಗಿದಳು. ಒರೆಸುತ್ತ, ಡ್ರೈವರನಿಗೆ ಮರಾಠಿಯಲ್ಲಿ ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದಳು. ಆತ ನನ್ನ ವಯಸ್ಸಿನವನೇ. "ರಾಹೂ ದ್ಯಾ ಮಾವ್ಶಿ" ಎಂದ, ಇರಲಿ ಬಿಡಿ ಎಂದು. ಗಾಡಿಯನ್ನು ಪಕ್ಕಕ್ಕೆ ಹಾಕಿ ನೀರಿನ ಬಾಟಲಿ ಕೊಟ್ಟ. ನಾನು ಅವಳ ಕೈಯಿಂದ ಸೆರಗು ಬಿಡಿಸಿ ನನ್ನ ಕರವಸ್ತ್ರದಿಂದ ಒರೆಸಿದೆ. ನನ್ನ ಹೆಂಡತಿ ಇದನ್ನು ವಾರಕ್ಕೆ ಮೂರು ಸಲ ಕಂಡಿದ್ದಳು, ನನ್ನ ಹತ್ತಿರ ಒಂದು ಸಲವೂ ಆಡಿರಲಿಲ್ಲ. ಹತ್ತು ಸಾವಿರ ರೂಪಾಯಿಗೆ ನಾನು ಎದ್ದು ಬಂದದ್ದು ನೆನಪಾಗಿ ನನ್ನ ಮೇಲೆಯೇ ಹೇಸಿಗೆಯಾಯಿತು. ಮನೆ ಮುಟ್ಟಿದಾಗ ಅಕ್ಕ, "ನಿನಗ ತ್ರಾಸಾತು ತಮ್ಮಾ" ಎಂದಳು.

ಅಂಥದೇ ಇನ್ನೊಂದು ಕಾರು ಶೋರೂಮಿಗೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ರಿಕ್ಷಾದಲ್ಲಿ ನಾನೇ ಹೋದೆ. ಬಂದ ಕಾರು ಬಿಳಿಯದು, ಒಂಬತ್ತು ಸಾವಿರ ಓಡಿತ್ತು. ಬೆಲೆ ಏಳು ಲಕ್ಷ ಮೂವತ್ತು ಸಾವಿರ. ಅಭ್ಯಾಸಬಲ, ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದೆ, ಪೆಡಲಿಗೂ ಬಗ್ಗಿದೆ. ಎಲ್ಲ ಸರಿಯಿತ್ತು. ಬಂದು ಕೂತು, "ಎಲ್ಲಿ ಸಹಿ ಮಾಡಬೇಕು ಹೇಳ್ರಿ" ಎಂದೆ. ಹುಡುಗಿ ಸ್ವಲ್ಪ ಹೊತ್ತು ಕಾದಳು. "ಇವತ್ತು ಏನೂ ಕೇಳಲ್ವಾ ಸರ್?" ಎಂದಳು. ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಒಂದು ತಿಂಗಳಲ್ಲಿ ಮೊದಲ ನಗು ಅದು.

ಮೊದಲ ಸಲ ಅಕ್ಕನನ್ನು ಆಸ್ಪತ್ರೆಯಿಂದ ಕಾರಿನಲ್ಲಿ ಕರೆತಂದ ದಿನ ನಾನೂ ಜೊತೆಗಿದ್ದೆ. ಹೆಂಡತಿ ಓಡಿಸುತ್ತಿದ್ದಳು, ಗುಂಡಿ ಕಂಡಲ್ಲೆಲ್ಲ ಗರ್ಭಿಣಿಯನ್ನು ಕೂರಿಸಿಕೊಂಡವಳ ಹಾಗೆ ನಿಧಾನ ಮಾಡುತ್ತ. ಹಿಂದಿನವರು ಹಾರ್ನ್ ಹೊಡೆದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನೂ ಅಕ್ಕನೂ ಹಿಂದೆ ಕೂತಿದ್ದೆವು. ಅವಳು ತಲೆ ಹಿಂದಕ್ಕಿಟ್ಟು ಕಣ್ಣು ಮುಚ್ಚಿದ್ದಳು. ಮಲಗಿದಳು ಎಂದುಕೊಂಡೆ. ಕಣ್ಣು ತೆರೆಯದೆಯೇ ಕೇಳಿದಳು, "ಎಷ್ಟಾತು?"

ನನಗೆ ಅವಳ ಸ್ವಭಾವ ಗೊತ್ತು. ನಿಜ ಹೇಳಿದರೆ ನಾಳೆಯಿಂದ ಈ ಕಾರಿಗೆ ಹತ್ತುವುದಿಲ್ಲ, ನನ್ನ ಸಲುವಾಗಿ ಇಷ್ಟೆಲ್ಲ ರೊಕ್ಕ ಯಾಕ ಸುರದ್ರಿ ಎಂದು ಹಟ ಹಿಡಿಯುತ್ತಾಳೆ. "ನಾಕೂವರಿ ಲಕ್ಷ" ಎಂದೆ.

"ಅಗದೀ ಸೋವಿ ಆತು" ಎಂದಳು. ನಮ್ಮ ಮನೆತನದಲ್ಲಿ ಯಾರೂ ಆಡದ ಮಾತು. ಆಮೇಲೆ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಎಡಗೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಪಟ್ಟಿ ಇತ್ತು. ನಾನು ಕೈ ಹಿಡಿದೊಡನೆ ಸೆರಗನ್ನು ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದಳು. "ಈಗ ಹೇಳು."

ಮುಂದಿನ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಒಮ್ಮೆ ನನ್ನನ್ನು ನೋಡಿ ರಸ್ತೆಗೆ ಮರಳಿತು. ಅಕ್ಕನ ಬೆರಳುಗಳು ತಣ್ಣಗಿದ್ದವು, ತೀರ ಸಣ್ಣಗಾಗಿದ್ದವು. ಐದೂ ಬೆರಳನ್ನು ಸೇರಿಸಿ ಹಿಡಿದೆ, ಬಿಟ್ಟು ಎರಡು ಬೆರಳು ಹಿಡಿದೆ. ಸ್ವಲ್ಪ ತಡೆದು ಮೂರು ಬೆರಳು ಹಿಡಿದೆ. ಏಳೂ ಮೂವತ್ತು.

ಅವಳು ಹಟ ಹಿಡಿಯಲಿಲ್ಲ, ಸಿಟ್ಟಾಗಲೂ ಇಲ್ಲ. "ವಾರಕ್ಕ ಮೂರು ಸಲ ಕುಂತ್ರ, ಎಷ್ಟು ವರ್ಷಕ್ಕ ವಸೂಲ್ ಆಗ್ತದ ಇದು?" ಎಂದಳು. ಕೈ ಇನ್ನೂ ಸೆರಗಿನ ಕೆಳಗೇ ಇತ್ತು. ಅವಳ ಐದೂ ಬೆರಳು ಸೇರಿಸಿ ಹಿಡಿದೆ, ಬಿಟ್ಟು ಮತ್ತೆ ಐದೂ ಹಿಡಿದೆ. ಹತ್ತು.

ಅಕ್ಕ ಕಣ್ಣು ತೆರೆದು ನಕ್ಕಳು. "ಭಾಳ ಹೇಳಿದಿ. ಇಳಸು."

"ಇಲ್ಲಕ್ಕಾ," ಎಂದೆ, ಕೈ ಬಿಡದೆ. "ಇದು ಫಿಕ್ಸ್ ರೇಟ್."