ಟ್ರಂಕು ಇಳಿಸುವ ಮೊದಲು

ನಮ್ಮ ರೈಲ್ವೆ ಕಾಲೊನಿಯಲ್ಲಿ ಯಾರಿಗಾದರೂ ವರ್ಗವಾಯಿತೆಂದರೆ ಅದೊಂದು ಸಣ್ಣ ಮದುವೆಯೇ. ಹೊರಡುವವರ ಮನೆಯಲ್ಲಿ ಒಲೆ ಹಚ್ಚಗೊಡುತ್ತಿರಲಿಲ್ಲ. ಒಬ್ಬರ ಮನೆಯಿಂದ ಚಹಾ, ಇನ್ನೊಬ್ಬರ ಮನೆಯಿಂದ ಊಟ, ಮತ್ತೊಬ್ಬರಿಂದ ರೈಲಿನ ಬುತ್ತಿ. ಹೆಂಗಸರಿಗೆ ಕುಂಕುಮ ಹಚ್ಚಿ ಎಲ್ಲರೂ ಗೇಟಿನ ತನಕ ಬಂದು ನಿಲ್ಲುವುದು. ರಿಕ್ಷಾ ಹೊರಟ ಮೇಲೆ ಮಾತ್ರ ಹಿಂದಿನಿಂದ ಕರೆಯಬಾರದು. ಹೊರಟವರು ಛತ್ರಿ ಮರೆತಿರಲಿ, ಕೂಸಿನ ಹಾಲಿನ ಬಾಟಲಿ ಮರೆತಿರಲಿ, ಓಡಿಹೋಗಿ ಕೈಗೆ ಕೊಟ್ಟು ಬರಬೇಕೇ ಹೊರತು ಕೂಗುವಂತಿಲ್ಲ. ನಾಗಪುರದ ಅಜನಿಯಲ್ಲಿ ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಎಷ್ಟು ಸಂಸಾರಗಳಿಗೆ ಪೂರಿ ಕರಿದು, ಶೇಂಗಾ ಚಟ್ನಿ ಕಟ್ಟಿಕೊಟ್ಟು ಕಳಿಸಿದೆನೋ, ದೇವರೇ ಬಲ್ಲ.

ಒಂದು ಬೇಸಿಗೆಯಲ್ಲಿ ಹಿಂದಿನ ಸಾಲಿನ ಕ್ವಾರ್ಟರ್ಸಿನವರು ಹೋದರು. ಅವರ ಬುತ್ತಿಯೂ ನನ್ನದೇ. ಅವರು ಹೋದ ಎರಡು ಮೂರು ದಿನಕ್ಕೆ ಮಧ್ಯಾಹ್ನ ಕರೆಂಟು ಹೋಯಿತು. ನಾಗಪುರದ ಮೇ ತಿಂಗಳಲ್ಲಿ ಕೂಲರಿನ ಗಡಗಡ ನಿಂತರೆ ಊರೇ ಸತ್ತಂತೆ. ಆ ಮೌನದಲ್ಲಿ ಹಿತ್ತಲ ಗೋಡೆಯಾಚೆ ಸರಪಳಿ ಎಳೆದಾಡಿದ ಸದ್ದು ಕೇಳಿತು. ಸ್ಟೂಲು ಹಾಕಿಕೊಂಡು ಇಣುಕಿದೆ. ಬೀಗ ಹಾಕಿದ ಮನೆಯ ಹಿಂದೆ ಪೇರಲ ಗಿಡಕ್ಕೆ ಒಂದು ನಾಯಿಯನ್ನು ಕಟ್ಟಿಹಾಕಿದ್ದರು. ಸೋರುವ ನಳವೊಂದು ಪಕ್ಕದಲ್ಲಿ ಇದ್ದದ್ದಕ್ಕೆ ಜೀವ ಉಳಿದಿತ್ತು, ಅಷ್ಟೆ. ಮೈಮೇಲೆ ಕೂದಲಿಗಿಂತ ಕಜ್ಜಿಯೇ ಹೆಚ್ಚು. ಕೊರಳ ಪಟ್ಟಿ ಚರ್ಮದೊಳಗೆ ಇಳಿದು ಕೀವು ಕಟ್ಟಿತ್ತು. ಅದು ಮೂರು ದಿನದ ಹಾಡಲ್ಲ, ಎಷ್ಟೋ ತಿಂಗಳದ್ದು. ಬೊಗಳುವ ಕಸುವು ಇಲ್ಲದ್ದಕ್ಕೆ ಗೋಡೆ ಹಂಚಿಕೊಂಡ ನಮಗೂ ಗೊತ್ತಾಗಿರಲಿಲ್ಲ. ನಾನು ಕಟ್ಟಿಕೊಟ್ಟ ಪೂರಿ ಅವರ ಹೊಟ್ಟೆಯಲ್ಲಿ ಕಲ್ಲಾಗಲಿ ಎಂದು ಸ್ಟೂಲಿನ ಮೇಲೆ ನಿಂತೇ ಶಾಪ ಹಾಕಿದೆ. ಇವತ್ತಿಗೂ ಆ ಶಾಪ ಹಿಂದಕ್ಕೆ ತೆಗೆದುಕೊಂಡಿಲ್ಲ.

ನಮ್ಮ ಮನೆಯವರು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾಯಿ ನಮ್ಮ ಬಚ್ಚಲ ಮನೆಯ ತಂಪಿನಲ್ಲಿ ಗೋಣಿ ಚೀಲದ ಮೇಲೆ ಮಲಗಿತ್ತು. ಅವರು ಬಾಗಿಲಲ್ಲೇ ನಿಂತು ನೋಡಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನನ್ನು ಛೇಡಿಸಿದರು. ಆಮೇಲೆ ಚೇಷ್ಟೆ ಬಿಟ್ಟು ಕೇಳಿದರು, "ನಾವೂ ನಾಳೆ ವರ್ಗಾ ಆಗಾವ್ರ. ಆವಾಗ ಇದನ್ನ ಏನ್ ಮಾಡ್ತಿ?"

"ವರ್ಗಾ ಆಗದವರ ಮನಿ ಹುಡುಕ್ತೀನಿ" ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ, ಆದರೆ ಹೇಳಿದ ಮೇಲೆ ಅದೇ ನನ್ನ ಉಡದ ಪಟ್ಟಾಯಿತು.

ಪಶು ಆಸ್ಪತ್ರೆಯ ಡಾಕ್ಟರು ಪಟ್ಟಿ ಕತ್ತರಿಸಿ ತೆಗೆದು, ಗಾಯಕ್ಕೆ ಪುಡಿ ಕೊಟ್ಟು, ಉಳಿದರೆ ನಿಮ್ಮ ಪುಣ್ಯ ಎಂದರು. ಬೇವಿನೆಲೆ ಕುದಿಸಿದ ನೀರಲ್ಲಿ ಮೈ ತೊಳೆದೆ. ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದೆ. ಮನೆಯೆಲ್ಲ ನಾತ ಹೊಡೆದು, ಚಹಾ ಕುಡಿಯಲು ಬರುತ್ತಿದ್ದ ನೆರೆಹೊರೆಯವರು ಗೇಟಿನಾಚೆಯಿಂದಲೇ ಮಾತಾಡಿಸಿ ಹೋಗತೊಡಗಿದರು. ಹೋಗಲಿ, ಸಕ್ಕರೆ ಉಳಿಯಿತು. ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಇಟ್ಟರೆ ಮೊದಮೊದಲು ನಾನು ಮರೆಯಾದ ಮೇಲೆ ತಿನ್ನುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ಬಣ್ಣದ ಹೊಸ ಕೂದಲು ಬಂತು. ಹೆಣ್ಣುನಾಯಿ, ಮುಖ ಬಲು ಸಂಭಾವಿತ. ಹೆಸರು ಇಡಲಿಲ್ಲ. ಇಟ್ಟರೆ ನಮ್ಮದಾಗಿಬಿಡುತ್ತದೆಂಬ ಹೆದರಿಕೆ ನನಗೆ. "ಬಾರವಾ" ಎಂದರೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ದೀಪಾವಳಿ ಹೊತ್ತಿಗೆ ಸ್ವೆಟರು, ರಗ್ಗು ತೆಗೆಯಲೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ನೆಲಕ್ಕೆ ತಾಗಿ ಅದು ಠಣ್ ಎಂದದ್ದೇ ತಡ, ನಾಯಿ ಬಚ್ಚಲ ಮನೆಗೆ ಓಡಿ ಹಂಡೆಯ ಹಿಂದೆ ಸೇರಿಕೊಂಡಿತು. ನಡುಗುತ್ತ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಟ್ರಂಕು ಮತ್ತೆ ಅಟ್ಟ ಏರಿದ ಮೇಲೆಯೇ ಹೊರಗೆ ಬಂದದ್ದು. ಆಗ ನನಗೆ ತಿಳಿಯಿತು. ಪೇರಲ ಗಿಡದ ಬುಡದಿಂದ ಅದು ಎಲ್ಲವನ್ನೂ ನೋಡಿತ್ತು: ಟ್ರಂಕು ಇಳಿದದ್ದು, ಗೋಣಿ ಹೊಲಿದದ್ದು, ಮನೆ ಖಾಲಿಯಾದದ್ದು. ಟ್ರಂಕು ಇಳಿದರೆ ಮುಂದೇನಾಗುತ್ತದೆಂದು ಅದಕ್ಕೆ ಪಾಠವಾಗಿತ್ತು.

ಸಂಕ್ರಾಂತಿ ಆದಮೇಲೆ ನಮ್ಮ ಸರದಿ ಬಂತು. ಸೋಲಾಪುರಕ್ಕೆ ಹೋಗಬೇಕು. ಅಲ್ಲಿ ಕ್ವಾರ್ಟರ್ಸ್ ಸಿಗುವ ತನಕ ನಾದಿನಿಯ ಮನೆಯ ಮಾಳಿಗೆ ಮೇಲಿನ ಒಂದೇ ಕೋಣೆ. ನಾದಿನಿಗೆ ದಮ್ಮು, ನಾಯಿ ಕೂದಲು ಹಾರಿದರೆ ಉಸಿರೇ ಕಟ್ಟುತ್ತದೆ. ಹೀಗಾಗಿ ಜೊತೆಗೆ ಒಯ್ಯುವ ಮಾತು ಮೊದಲೇ ಮುಗಿದಿತ್ತು.

ಹುಡುಕಲು ಹೊರಟೆ. ಕಾಲೊನಿಯಲ್ಲೇ ಕೇಳಿದವರಿದ್ದರು, ಆದರೆ ಅವರೆಲ್ಲ ನಮ್ಮಂತೆಯೇ ಇಂದು ಇಲ್ಲಿ, ನಾಳೆ ಎಲ್ಲೋ. ಕೊಡುವುದಿಲ್ಲ ಎಂದೆ. ನನ್ನ ಗೆಳತಿಯೊಬ್ಬಳು ಅದಕ್ಕೆ ಮುನಿಸಿಕೊಂಡಳು, ಮುನಿಸಿಕೊಳ್ಳಲಿ. ಲಕ್ಷ್ಮೀ ನಗರದ ಸ್ವಂತ ಮನೆಯವರ ಬಾಗಿಲು ತಟ್ಟಿದೆ. ನನ್ನ ಹುಬ್ಬಳ್ಳಿ ಮರಾಠಿಗೆ ಜನ ನಗುತ್ತಿದ್ದರು, ನಗಲಿ ಎಂದು ಬಿಟ್ಟೆ. ಎಲ್ಲರಿಗೂ ಒಂದೇ ಪ್ರಶ್ನೆ ನನ್ನದು, ಎಲ್ಲಿ ಕಟ್ಟುತ್ತೀರಿ? ಒಬ್ಬರು ಗೇಟಿನ ಕಂಬ ತೋರಿಸಿದರು. ಇನ್ನೊಬ್ಬರು ಕಾರಿನ ಶೆಡ್ಡು ತೋರಿಸಿ, ಸರಪಳಿ ಗಟ್ಟಿಯಾಗಿದೆ, ಚಿಂತೆ ಬೇಡ ಎಂದು ಧೈರ್ಯ ಹೇಳಿದರು. ಅಲ್ಲಿಂದ ಎದ್ದು ಬಂದೆ.

ಕೊನೆಗೆ ಪಶು ಆಸ್ಪತ್ರೆಯ ಕಂಪೌಂಡರು ಒಬ್ಬರ ಮನೆ ಹೇಳಿದರು. ನಿವೃತ್ತ ಶಾಲಾ ಶಿಕ್ಷಕಿ, ಲಕ್ಷ್ಮೀ ನಗರದಲ್ಲಿ ಸ್ವಂತ ಮನೆ, ಒಬ್ಬರೇ ಇರುತ್ತಾರೆ, ಅವರ ಮುದಿ ನಾಯಿ ಹಿಂದಿನ ವರ್ಷ ತೀರಿಕೊಂಡಿದೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ, ನಾನೂ ಮನಸ್ಸಿನಲ್ಲಿ ಅವರನ್ನು ಹಾಗೇ ಕರೆದೆ. ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದ್ದಕ್ಕೆ ಅಕ್ಕೋರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಕಟ್ಟುವುದಾದರೂ ಯಾಕೆ ಎಂದರು. ನನ್ನ ಹುಡುಕಾಟ ಮುಗಿಯಿತೆಂದು ಹಿಗ್ಗಿ, ಬೇಡವೆಂದರೂ ನಾಯಿಯ ಕಥೆಯೆಲ್ಲ ಹೇಳಿದೆ. ಹಿಂದಿನ ಮನೆಯವರನ್ನು ಮರಾಠಿಯಲ್ಲಿ ಬರುವಷ್ಟು ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಮರಾಠಿಯಲ್ಲೇ ಹೇಳಿದರು.

"ಅಂದರೆ ನೀವೂ ಬಿಟ್ಟೇ ಹೊರಟಿದ್ದೀರಿ."

ನಾಯಿ ಒಪ್ಪಿ ಬಂದರೆ ತಮ್ಮದೇನೂ ಅಡ್ಡಿಯಿಲ್ಲ ಎಂದೂ ಹೇಳಿದರು. ಅದು ಅರ್ಧಂಬರ್ಧ ಕಿವಿಗೆ ಬಿತ್ತು. ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತಿಕ್ಕಿದೆ. ನನಗೆ ಸಿಟ್ಟು ಬಂದರೆ ಮನೆಯ ಪಾತ್ರೆಗಳು ಕನ್ನಡಿಯಾಗುತ್ತವೆ. ಕೀವು ಒರೆಸಿ ಎಂಟು ತಿಂಗಳು ಸಾಕಿದವಳು ನಾನು, ನನಗೆ ಆ ಮಾತೇ? ಆದರೆ ಬಚ್ಚಲಿನ ಗೋಣಿಯ ಮೇಲೆ ಮಲಗಿದ್ದ ಆ ಜೀವಕ್ಕೆ ನನ್ನ ನಾದಿನಿಯ ದಮ್ಮು ತಿಳಿಯುತ್ತದೆಯೇ? ಅದಕ್ಕೆ ಕಾಣುವುದು ಟ್ರಂಕು ಒಂದೇ. ಅಕ್ಕೋರು ಹೇಳಿದ್ದು ಬರೋಬರ್ ಇತ್ತು, ಅದಕ್ಕೇ ಅಷ್ಟು ಉರಿದದ್ದು. ತಿಕ್ಕುತ್ತ ತಿಕ್ಕುತ್ತ ನಿರ್ಧಾರ ಮಾಡಿದೆ. ಈ ಮನೆಯಿಂದ ಮೊದಲು ಹೊರಡುವುದು ಅದು. ಅದು ಹೋಗುವ ತನಕ ಟ್ರಂಕು ಇಳಿಯುವುದಿಲ್ಲ.

ಮನೆಯವರಿಗೆ ಹೇಳಿದರೆ ತಲೆ ಕೆಟ್ಟಿದೆಯೇ ಎಂದರು. ಹೊರಡುವ ದಿನ ಹತ್ತಿರ ಬಂದಿತ್ತು, ಒಂದು ಚಮಚ ಕೂಡ ಕಟ್ಟಿರಲಿಲ್ಲ. ನಾನು ದಿನಾ ಸಂಜೆ ನಾಯಿಯನ್ನು ಲಕ್ಷ್ಮೀ ನಗರಕ್ಕೆ ನಡೆಸಿಕೊಂಡು ಹೋಗತೊಡಗಿದೆ. ಮೊದಲು ಅಕ್ಕೋರ ಗೇಟನ್ನೂ ದಾಟಲಿಲ್ಲ, ಬಾಲ ಮುದುರಿ ನನ್ನ ಸೀರೆಗೆ ಅಂಟಿಕೊಂಡಿತು. ಅಕ್ಕೋರು ಕರೆಯಲಿಲ್ಲ, ಪುಸಲಾಯಿಸಲಿಲ್ಲ. ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಕೆಲವು ದಿನಕ್ಕೆ ಒಳಗೆ ಹೋಗಿ ನೀರು ಕುಡಿಯಿತು. ಇನ್ನೇನು ಸರಿಹೋಯಿತು ಎನ್ನುವಷ್ಟರಲ್ಲಿ ಮನೆಯವರು ತಡೆಯಲಾರದೆ ಸಾಮಾನು ತುಂಬಲು ಕಟ್ಟಿಗೆಯ ಖೋಕಾಗಳನ್ನು ತಂದು ಅಂಗಳದಲ್ಲಿ ಇಳಿಸಿದರು. ನಾಯಿ ಮತ್ತೆ ಹಂಡೆಯ ಹಿಂದೆ. ನಾನು ಅವತ್ತು ಅವರನ್ನು ಬೈಯಲಿಲ್ಲ. ಒಂದೊಂದೇ ಖೋಕಾ ಹೊತ್ತು ಪಕ್ಕದ ಮನೆಯಲ್ಲಿ ಇಟ್ಟು ಬಂದೆ. ಮೂರನೆಯದಕ್ಕೆ ಅವರೂ ಬಂದು ಇನ್ನೊಂದು ತುದಿ ಹಿಡಿದರು. ಮರುದಿನದಿಂದ ಮತ್ತೆ ಗೇಟಿನಿಂದ ಶುರು.

ಒಂದು ಸಂಜೆ ಅದು ಅಕ್ಕೋರ ಕಟ್ಟೆಯ ಮೇಲೆ ಅವರ ಚಪ್ಪಲಿಗೆ ಗದ್ದ ಊರಿ ನಿದ್ದೆ ಮಾಡಿತು. ಅಷ್ಟು ದಿನದಲ್ಲಿ ನಾನು ಇರುವಾಗ ಅದು ಬೇರೆಯವರ ಹತ್ತಿರ ಮಲಗಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

"ನೀವೇ ಬಂದು ಕರಕೊಂಡು ಹೋಗಬೇಕು, ನಾನು ತಂದು ಬಿಡುವುದಿಲ್ಲ" ಎಂದೆ ಅಕ್ಕೋರಿಗೆ. ಯಾವತ್ತು ಬರಲಿ ಎಂದರು ಅವರು.

ಅವರು ಸೈಕಲ್ ರಿಕ್ಷಾದಲ್ಲಿ ಬಂದ ಬೆಳಿಗ್ಗೆ ನಮ್ಮ ಮನೆ ಎಂದಿನಂತೆಯೇ ಇತ್ತು. ಗೋಡೆಯಲ್ಲಿ ಕ್ಯಾಲೆಂಡರು, ಒಲೆಯ ಮೇಲೆ ಚಹಾ, ಅಟ್ಟದ ಮೇಲೆ ಟ್ರಂಕು. ನಾನು ಪೂರಿ ಕರಿದಿದ್ದೆ. ಅರ್ಧ ಅಕ್ಕೋರಿಗೆ, ಅರ್ಧ ನಾಯಿಗೆ, ಬುತ್ತಿ ಕಟ್ಟಿದೆ. ಇಬ್ಬರ ಹಣೆಗೂ ಕುಂಕುಮ ಹಚ್ಚಿದೆ. ಅಕ್ಕೋರು ನಕ್ಕರು, ನಾಯಿ ಸೀನಿತು. ಬಚ್ಚಲಿನ ಗೋಣಿ ಚೀಲವನ್ನು ಮಡಿಚಿ ರಿಕ್ಷಾದಲ್ಲಿ ಕೂತ ಅಕ್ಕೋರ ಕಾಲ ಬಳಿ ಇಟ್ಟೆ. ನಾಯಿ ಅದನ್ನು ಮೂಸಿ ನೋಡಿ, ಯಾರೂ ಎತ್ತದೆಯೇ ರಿಕ್ಷಾ ಹತ್ತಿ ಅದರ ಮೇಲೆ ಕೂತಿತು.

ನಾನೂ ಮನೆಯವರೂ ಗೇಟಿನಲ್ಲಿ ನಿಂತೆವು. ರಿಕ್ಷಾ ಬೇವಿನ ಮರದ ತನಕ ಹೋಯಿತು. ಅಲ್ಲಿ ನಾಯಿ ಒಮ್ಮೆ ಕತ್ತು ತಿರುಗಿಸಿ ನಮ್ಮನ್ನು ನೋಡಿತು. ಮನೆ ಅಲ್ಲೇ ಇತ್ತು, ನಾವು ಅಲ್ಲೇ ಇದ್ದೆವು. ಊರಿಗೆ ಉಪಕಾರಿ ಎಂದು ನನ್ನನ್ನು ಛೇಡಿಸಿದ್ದ ಮನುಷ್ಯ ಒಂದು ಹೆಜ್ಜೆ ಮುಂದಿಟ್ಟು, "ಬಾರ..." ಎಂದು ಬಾಯಿ ತೆರೆದರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದೆ.

"ಹೊಂಟವ್ರನ್ನ ಹಿಂದಿನಿಂದ ಕರೀಬಾರ್ದು" ಎಂದೆ.

ಅವರು ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು. ರಿಕ್ಷಾ ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ನಿಂತಿದ್ದು, ಆಮೇಲೆ ಒಳಗೆ ಹೋಗಿ ಟ್ರಂಕು ಇಳಿಸಿದೆವು.