ಗಾಯ ಕಾಣದ ಪೆಟ್ಟಿಗೆ ಪರಿಹಾರ ಕೇಳಿದ ರೂಪಶ್ರೀ

ಹಳ್ಳಿಮೈಸೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೂಪಶ್ರೀ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಅಂಗಿಗೆ ಕಾಲರ್ ಕೂರಿಸುತ್ತಿದ್ದಾರೆ. ಯಂತ್ರವನ್ನು ಬೆನ್ನಿಗೆ ಗೋಡೆ ಸಿಗುವ ಮೂಲೆಯಲ್ಲಿ ಹಾಕಿಕೊಂಡಿದ್ದಾರೆ. ಬೆಳಕು ಸಾಲದಿದ್ದರೂ ಸರಿ, ಹಿಂದೆ ಯಾರೂ ಬಂದು ನಿಲ್ಲಬಾರದು. ಕಾಫಿ ತರುವ ಅತ್ತೆ ಚಿಕ್ಕಲಕ್ಷ್ಮಮ್ಮ ಕೂಡ ಬಾಗಿಲಲ್ಲೇ ಒಂದು ಕೂಗು ಹಾಕಿ ಒಳಗೆ ಬರುತ್ತಾರೆ.

ಹಾಸನದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ರೂಪಶ್ರೀ ಒಂಬತ್ತು ವರ್ಷ ದುಡಿದವರು. ಗಂಟೆಗೆ ಎಂಬತ್ತು ಕಾಲರ್ ಅವರಿಗೆ ನೀರು ಕುಡಿದಷ್ಟು ಸಲೀಸು. ಹೊಸ ಸೂಪರ್‌ವೈಸರ್ ಬಂದವನೇ ಅದನ್ನು ನೂರಿಪ್ಪತ್ತು ಮಾಡಿದ. ಪೀಸು ಕಡಿಮೆಯಾದರೆ ಬೆನ್ನ ಹಿಂದೆ ನಿಂತು ಬಾಯಿಗೆ ಬಂದಂತೆ ಬೈಯುವುದು, ಬಟ್ಟೆಯ ಕಟ್ಟನ್ನು ಮುಖಕ್ಕೆ ಎಸೆಯುವುದು. ಮ್ಯಾನೇಜರ್‌ಗೆ ದೂರು ಕೊಟ್ಟ ಮೇಲಂತೂ ಲೈನಿನಲ್ಲಿ ಹೊಲಿಯುವ ಎಲ್ಲರ ಎದುರು ನಿಲ್ಲಿಸತೊಡಗಿದ. “ಉಚ್ಚೆಗೆ ಓಗ್ಬೇಕು ಅಂದ್ರೂ ಎಲ್ರ ಮುಂದೆ ಕೂಗಿ ಕೇಳ್ಬೇಕಾಗಿತ್ತು ಸಾ. ನಮ್ಮಪ್ಪನ ವಯಸ್ಸಿನ ಮೆಕ್ಯಾನಿಕ್ಕು ತಲೆ ತಗ್ಗುಸ್ಕಂಡು ನಿಂತ್ಕಳೋನು,” ಎನ್ನುತ್ತಾರೆ ರೂಪಶ್ರೀ.

ನಿದ್ದೆ ಹೋಯಿತು, ಊಟ ಸೇರದಾಯಿತು. ಕಂಪನಿ ವ್ಯಾನಿನ ಹಾರನ್ ಕೇಳಿದರೆ ಕೈಕಾಲು ನಡುಗುತ್ತಿದ್ದವು, ಒಂದು ಬೆಳಗ್ಗೆ ಅಂಗಳದಲ್ಲೇ ಬಿದ್ದರು. ಗಾಳಿ ಸೋಕಿದೆ ಎಂದುಕೊಂಡ ಅತ್ತೆ ತಾಯಿತ ಕಟ್ಟಿಸಿದರು. ಹಾಸನದ ಮನೋವೈದ್ಯರು ಮಾತ್ರ, ಇದು ಕೆಲಸದ ಜಾಗದ ಕಿರುಕುಳದಿಂದ ಬಂದ ಕಾಯಿಲೆ ಎಂದು ಬರೆದುಕೊಟ್ಟರು. ಅಲ್ಲಿಗೆ ಗಾರ್ಮೆಂಟ್ಸ್ ಕೆಲಸ ನಿಂತಿತು. ಊರಿನ ಕಿವಿಗೆ ಅದು ಹೋಗಬೇಕಲ್ಲ! ಇಂದಿಗೂ ಗಾಳಿಯ ಭಯಕ್ಕೆ ಬಾಣಂತಿ ಮನೆಯವರು ಕೂಸಿನ ಬಟ್ಟೆಯನ್ನು ಇವರ ಕೈಗೆ ಹೊಲಿಯಲು ಕೊಡುವುದಿಲ್ಲ.

ಯಂತ್ರಕ್ಕೆ ಬೆರಳು ಸಿಕ್ಕರೆ ಪರಿಹಾರ ಕೇಳುವುದು ಎಲ್ಲರಿಗೂ ಗೊತ್ತು. ಮನಸ್ಸಿಗೆ ಬಿದ್ದ ಪೆಟ್ಟಿಗೆ ಕೇಳಿದವರನ್ನು ಈ ಊರು ಕಂಡಿರಲಿಲ್ಲ. ರೂಪಶ್ರೀ ಕೇಳಿದ್ದಾರೆ. ಎರಡು ವರ್ಷದಿಂದ ಕಾರ್ಮಿಕ ಕಚೇರಿಯ ವಿಚಾರಣೆಗೆಂದು ಹಾಸನದ ಬಸ್ಸು ಹತ್ತಿ ಇಳಿಯುತ್ತಿದ್ದಾರೆ. ಜೊತೆಯಲ್ಲಿ ಊಟದ ಡಬ್ಬಿ ಹಂಚಿಕೊಂಡಿದ್ದ, ಇನ್ನೂ ಅದೇ ಕಂಪನಿಯಲ್ಲಿರುವ ಗೆಳತಿಯರು ಯಾರೂ ಸಾಕ್ಷಿಗೆ ಬಂದಿಲ್ಲ. “ಅವ್ರುನ್ನ ಬಯ್ಯಾಕಿಲ್ಲ ಸಾ. ಅವ್ರ ಮಕ್ಳೂ ಉಣ್ಬೇಕಲ್ಲ,” ಎನ್ನುತ್ತಾರೆ.

ಕಳೆದ ತಿಂಗಳ ವಿಚಾರಣೆಯಲ್ಲಿ ಕಂಪನಿಯ ವಕೀಲರ ಕಣ್ಣು ಬಿದ್ದದ್ದು ರೂಪಶ್ರೀಯ ತೋಳಿನ ತಾಯಿತದ ಮೇಲೆ. ಮನೆಯವರೇ ಗಾಳಿ ಎಂದ ಮೇಲೆ ಕಾಯಿಲೆಗೂ ಕೆಲಸಕ್ಕೂ ಏನು ಸಂಬಂಧ ಎಂಬುದು ಅವರ ವಾದ. ಸೊಸೆಯ ಜೊತೆಗೆ ಹೋಗಿದ್ದ ಚಿಕ್ಕಲಕ್ಷ್ಮಮ್ಮನನ್ನೇ ಕರೆದು, ಕಟ್ಟಿಸಿದ್ದು ನೀವೇ ತಾನೆ ಎಂದು ಕೇಳಿದರು. ಇಲ್ಲಿಗೆ ಕೇಸು ಮುಗಿಯಿತು ಎಂದುಕೊಂಡರು ರೂಪಶ್ರೀ. ಅತ್ತೆ ಸುಳ್ಳು ಹೇಳುವವರಲ್ಲ.

“ಊಂ ಸಾ, ನಾನೇ ಕಟ್ಟುಸ್ದೆ. ಆಗ ತಿಳೀಲಿಲ್ಲ,” ಎಂದರು ಚಿಕ್ಕಲಕ್ಷ್ಮಮ್ಮ. “ಆಮೇಲ್ ನೋಡ್ತೀನಿ, ಭಾನ್ವಾರ ನಗ್‌ನಗ್ತಾ ಇರೋಳು, ಸ್ವಾಮಾರ ವ್ಯಾನು ಬತ್ತಿದ್ದಂಗೇ ನಡುಗೋಳು. ವಾರದ್ ರಜಾ ತಕ್ಕಳೋ ಗಾಳಿ ಎಲ್ಲಾದ್ರೂ ಐತಾ ಸಾ?”

ಕಚೇರಿಯಲ್ಲಿ ಎಲ್ಲರೂ ನಕ್ಕರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನಗಲಿಲ್ಲ, ಆ ಮಾತನ್ನು ಹಾಗೆಯೇ ಬರೆಸಿಕೊಂಡರು.

ತೀರ್ಪು ಇನ್ನೂ ಬಂದಿಲ್ಲ. ಅಷ್ಟರಲ್ಲೇ ಕಂಪನಿ ರಾಜಿಗೆ ಬಂದಿದೆ: ದುಡ್ಡು ಕೊಡುತ್ತೇವೆ, ಕಾಯಿಲೆ ಕೆಲಸದಿಂದ ಬಂದದ್ದಲ್ಲ ಎಂದು ಸಹಿ ಹಾಕಿ. ಗಂಡ ದೇವರಾಜ್ ಕೂಡ ಮುಗಿಸಿಬಿಡು ಎನ್ನುತ್ತಿದ್ದಾರೆ. ರೂಪಶ್ರೀ ಒಪ್ಪಿಲ್ಲ. ಇದನ್ನು ಹಟ ಎನ್ನುವವರು ಎನ್ನಲಿ, ಇಂಥ ಹಟ ಇರಬೇಕಾದ್ದೇ.

“ಕಾಸು ಕಮ್ಮಿ ಕೊಡ್ಲಿ ಸಾ, ಪರ್ವಾಗಿಲ್ಲ,” ಎನ್ನುತ್ತಾರೆ ಅವರು. “ನಾನು ಚೆನ್ನಾಗಿದ್ದೋಳೇ ಕೆಲ್ಸಕ್ ಓಗಿದ್ದೆ, ಇಂಗ್ ಮಾಡಿ ಕಳ್ಸಿದ್ದು ಇವ್ರು ಅಂತ ಬರ್ದು ಕೊಡ್ಲಿ.”