ಉಣ್ಣೆ ಷೆಡ್ಡಿನ ಅರಗಿನ ಮುದ್ರೆ

ಅವ್ವ ಉಸಿರೆಳೆದರೆ ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನಡುಮನೆಯಲ್ಲಿ ಕೂತು ಕುರಿ ಉಣ್ಣೆ ಹಿಂಜಿದವಳು ಅವಳು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಿಂದ ತುಸು ಒಳಗಿದ್ದ ನಮ್ಮ ಹಟ್ಟಿಯಲ್ಲಿ ಹೆಂಗಸರೆಲ್ಲರದೂ ಅದೇ ಕೆಲಸ. ಗಂಡಸರು ಕುರಿಗಳ ಹಿಂದೆ ಹೋಗುತ್ತಿದ್ದರು. ಹೆಂಗಸರು ಉಣ್ಣೆ ಹಿಂಜಿ, ನೂಲು ತೆಗೆದು, ಕಂಬಳಿ ನೇಯುವವರಿಗೆ ಕೊಡುತ್ತಿದ್ದರು. ಹಿಂಜುವಾಗ ಏಳುವ ದೂಳು, ಕೂದಲಿನ ಚೂರು, ಒಣಗಿದ ಹಿಕ್ಕೆಯ ಪುಡಿ ಎಲ್ಲವೂ ಅವರ ಎದೆಗೇ ಸೇರುತ್ತಿತ್ತು. ಚಳ್ಳಕೆರೆಯ ಡಾಕ್ಟರೊಬ್ಬರು ಅವ್ವನಿಗೆ ಈ ಕೆಲಸ ಬಿಡಬೇಕು ಎಂದಾಗ ಅವ್ವ ನಕ್ಕಳು. ಜೊತೆಗೆ ಬಂದಿದ್ದ ಅಕ್ಕ ನಗಲಿಲ್ಲ.

ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತವಳು. ಬರುವಾಗ ತನ್ನ ಪಾಲಿನ ಕುರಿಗಳನ್ನು ಜಗಳವಾಡಿ ಹೊಡೆದುಕೊಂಡು ಬಂದಿದ್ದಳು. ನಾನು ಆಗ ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ ಹೊಸತು. ಡಾಕ್ಟರ ಮಾತಾದ ಮೇಲೆ ಒಂದು ಮದುವೆಗೆಂದು ರಾಣೆಬೆನ್ನೂರಿನ ಕಡೆ ಹೋದ ಅಕ್ಕ, ಅಲ್ಲಿ ಉಣ್ಣೆ ಹಿಂಜುವ ಯಂತ್ರವನ್ನು ನೋಡಿ ಬಂದಳು. ಮುಳ್ಳು ಮುಳ್ಳಿನ ಉರುಳೆಗಳು. ಒಂದು ಕಡೆಯಿಂದ ಗಂಟುಗಂಟಾದ ಕರಿ ಉಣ್ಣೆ ಕೊಟ್ಟರೆ ಇನ್ನೊಂದು ಕಡೆಯಿಂದ ಹಗುರಾಗಿ, ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಅದನ್ನು ಹೇಳುವಾಗ ಅವಳು ಎರಡೂ ಕೈ ಎತ್ತಿ ಗಾಳಿಯಲ್ಲಿ ತೋರಿಸುತ್ತಿದ್ದಳು. ಕುರಿಗಳನ್ನು ಮಾರಿದಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ, ಯಾರೋ ಬಳಸಿ ಬಿಟ್ಟಿದ್ದ ಒಂದು ಯಂತ್ರ ಲಾರಿಯಲ್ಲಿ ಬಂದು ನಮ್ಮ ಹೊಲದ ಅಂಚಿನ ತಗಡಿನ ಷೆಡ್ಡಿನಲ್ಲಿ ಇಳಿಯಿತು. ದೂಳು ಹೋಗಲೆಂದು ಷೆಡ್ಡಿಗೆ ನಾಲ್ಕೂ ಕಡೆ ಕಿಟಕಿ ಇಡಿಸಿದ್ದಳು.

ಯಂತ್ರಕ್ಕೆ ತ್ರೀ ಫೇಸ್ ಕರೆಂಟು ಬೇಕಿತ್ತು. ಅರ್ಜಿ ನಾನೇ ಬರೆದೆ. ಕರೆಂಟಿನ ಕಚೇರಿಯ ಸಾಹೇಬರು ಒಳ್ಳೆಯವರು. ಅಕ್ಕನನ್ನು ಕೂರಿಸಿ ಟೀ ತರಿಸಿದರು.

"ಪಂಚಾಯ್ತಿಯಿಂದ ಲೈಸೆನ್ಸ್ ತಗಂಡು ಬರ್ರಮ್ಮ. ನಾನು ಕಂಬ ನೆಡಿಸ್ತೀನಿ."

ಪಂಚಾಯ್ತಿ ಕಾರ್ಯದರ್ಶಿಯೂ ಒಳ್ಳೆಯವನೇ. ಅವನ ಹೆಂಡತಿಯ ತವರು ನಮ್ಮ ಪಕ್ಕದ ಹಟ್ಟಿ.

"ಕರೆಂಟ್ ಮಂಜೂರಾದ ಪತ್ರ ಇಲ್ದೆ ಯಂತ್ರದ ಲೈಸೆನ್ಸ್ ಹೆಂಗ್ ಕೊಡ್ಲಿ ಅಕ್ಕ? ನಾಳೆ ಆಡಿಟ್‌ನೋರು ಬಂದ್ರೆ ನನ್ನ ಕುತ್ತಿಗೆಗೆ ಬರ್ತೈತೆ."

"ಅವ್ರು ನಿಮ್ಮನ್ನ ಕೇಳು ಅಂತಾರೆ, ನೀವು ಅವ್ರನ್ನ ಕೇಳು ಅಂತೀರಿ. ನೀವಿಬ್ರೂ ಒಂದ್ಸಲ ಮಾತಾಡ್ಕಳ್ರಿ," ಎಂದಳು ಅಕ್ಕ.

"ಹಂಗೆಲ್ಲ ಮಾತಾಡೋಕೆ ಬರಲ್ಲ. ಪತ್ರದ ಮೂಲಕನೇ ಆಗ್ಬೇಕು."

ಪತ್ರದ ಮೂಲಕವೇ ಆಗಲೆಂದು ನಾವು ಜಿಲ್ಲಾ ಕೇಂದ್ರಕ್ಕೆ ಹೋದೆವು. ಅಲ್ಲಿನ ಒಂದು ಕಚೇರಿ, ಷೆಡ್ಡು ಇರುವುದು ಹೊಲದಲ್ಲಿ, ಮೊದಲು ಭೂಮಿಯನ್ನು ಕೃಷಿಯಿಂದ ಬಿಡಿಸಿಕೊಂಡು ಬನ್ನಿ ಎಂದಿತು. ಅದಕ್ಕೆ ಒಂದು ಮುಂಗಾರು, ಒಂದು ಹಿಂಗಾರು ಕಳೆಯಿತು. ಸರ್ವೆಯವನು ಬಂದು ಹೋದ, ಮತ್ತೊಬ್ಬ ಸರ್ವೆಯವನು ಬಂದು ಮೊದಲಿನವನದು ತಪ್ಪು ಅಂದ. ಅದು ಮುಗಿದ ಮೇಲೆ ಇನ್ನೊಂದು ಕಚೇರಿಯಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಕಡತ ತಿರುವಿ, "ಉಣ್ಣೆ ಅಂದರೆ ಪ್ರಾಣಿಜನ್ಯ ವಸ್ತು. ರೋಗ ಹರಡಲ್ಲ ಅಂತ ಪಶುವೈದ್ಯರಿಂದ ಪ್ರಮಾಣಪತ್ರ ತನ್ನಿ" ಎಂದರು. ನಾನು ವಾದ ಮಾಡಲು ಹೋದೆ. ಅಕ್ಕ ನನ್ನ ಸೆರಗು ಜಗ್ಗಿದಳು.

ಪಶುವೈದ್ಯರು ಕೇಳಿಸಿಕೊಂಡು ಪೆನ್ನಿನ ಕ್ಯಾಪು ಮುಚ್ಚಿದರು. "ನಾನು ಕುರಿಗೆ ಕೊಡಬಲ್ಲೆ ತಾಯಿ. ಉಣ್ಣೆಗೆ ಹೆಂಗೆ ಕೊಡ್ಲಿ? ಅದ್ರ ನಾಡಿ ಎಲ್ಲಿ ಹಿಡೀಲಿ?"

"ಕುರಿ ನೋಡಿ ಉಣ್ಣೆಗೆ ಬರ್ಕೊಡ್ರಿ ಸಾರ್."

"ಯಾವ ಕುರಿ?"

ಅಕ್ಕನ ಹತ್ತಿರ ಕುರಿ ಇರಲಿಲ್ಲ. ಯಂತ್ರಕ್ಕೆಂದು ಮಾರಿದ್ದಳಲ್ಲ. ಕೊನೆಗೆ ನಮ್ಮ ಸೋದರಮಾವನ ಮಂದೆಯನ್ನು ಆಸ್ಪತ್ರೆಯ ಮುಂದೆ ಹೊಡೆದುಕೊಂಡು ಬಂದು ನಿಲ್ಲಿಸಿದೆವು. ಪೇಟೆಯ ಜನ ನಿಂತು ನೋಡಿದರು. ಆ ಪತ್ರವನ್ನು ತೆಗೆದುಕೊಂಡು ಹೋದಾಗ ಕನ್ನಡಕದ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರಿಗೆ ಅಂಥ ಪತ್ರ ಯಾಕೆ ಬೇಕಿತ್ತೆಂದೇ ತಿಳಿಯಲಿಲ್ಲ. ಅವರು ಬೇರೆ ಏನೋ ಕೇಳಿದರು.

ಇಷ್ಟು ಓಡಾಟದಲ್ಲಿ ನಮಗೆ ಆಗುವುದಿಲ್ಲ ಎಂದವರು ಒಬ್ಬರೂ ಸಿಗಲಿಲ್ಲ. ಆಗುವುದಿಲ್ಲ ಎಂದಿದ್ದರೆ ಅಕ್ಕ ಯಂತ್ರವನ್ನು ಅಂದೇ ಮಾರಿ ಮತ್ತೆ ಕುರಿ ಕಟ್ಟುತ್ತಿದ್ದಳು. ಎಲ್ಲರೂ ಆಗುತ್ತದೆ ಎಂದರು. ಇದೊಂದು ತನ್ನಿ, ಆಗುತ್ತದೆ.

ಒಂದು ಬೇಸಿಗೆ ಅಕ್ಕ ಯಾರನ್ನೂ ಕೇಳದೆ ಪಂಪ್‌ಸೆಟ್ಟಿನ ಹಳೆಯ ಡೀಸೆಲ್ ಇಂಜಿನ್ ತಂದು ಯಂತ್ರಕ್ಕೆ ಬೆಲ್ಟು ಹಾಕಿಸಿದಳು. ಕರೆಂಟೇ ಬೇಡವೆಂದ ಮೇಲೆ ಕರೆಂಟಿನ ಪತ್ರವೂ ಬೇಡ ಎಂಬುದು ಅವಳ ಲೆಕ್ಕ. ಉಣ್ಣೆ ಕತ್ತರಿಸುವ ಕಾಲ ಅದು. ಸುತ್ತಲ ಹಟ್ಟಿಗಳಿಂದ, ಬಿ.ಜಿ. ಕೆರೆಯ ಕಡೆಯಿಂದಲೂ ಹೆಂಗಸರು ಮೂಟೆ ಹೊತ್ತು ಬಂದರು. ಬೇವಿನ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಇಡೀ ವಾರದ ಕೆಲಸ ಅವರ ಕಣ್ಣೆದುರೇ ಮುಗಿದು ಹೋಗುತ್ತಿತ್ತು. ಒಬ್ಬ ಮುದುಕಿ ಹೊರಬಂದ ಉಣ್ಣೆಯನ್ನು ಕೆನ್ನೆಗೆ ಒತ್ತಿಕೊಂಡು, "ಇನ್ನೇನ್ ಕೆಲ್ಸ ಮಾಡ್ಲಿ ನಾನು?" ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಅಕ್ಕನನ್ನು ಅಷ್ಟು ಸುಖವಾಗಿ ನಾನು ಅದಕ್ಕೆ ಮುಂಚೆಯಾಗಲಿ, ಆಮೇಲಾಗಲಿ ನೋಡಲಿಲ್ಲ. ಆ ಬೇಸಿಗೆ ಅವ್ವ ಉಣ್ಣೆ ಮುಟ್ಟಲಿಲ್ಲ. ಷೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದಳು.

ಮಳೆಗೆ ಮುಂಚೆ ಒಂದು ಮಧ್ಯಾಹ್ನ ಜೀಪು ಬಂತು. ನಾನು ಶಾಲೆಗೆ ರಜೆ ಇದ್ದುದರಿಂದ ಅಲ್ಲೇ ಇದ್ದೆ. ಇಳಿದ ಇನ್ಸ್‌ಪೆಕ್ಟರು ಇಂಜಿನ್ ನಿಲ್ಲಿಸಲು ಹೇಳಿ, ಲೈಸೆನ್ಸ್ ತೋರಿಸಿ ಎಂದರು. ನಾನು ಅರ್ಜಿಗಳ ಕಟ್ಟನ್ನೇ ತಂದು ಮುಂದಿಟ್ಟೆ. ಅವರು ತಾಳ್ಮೆಯಿಂದ ಎಲ್ಲವನ್ನೂ ನೋಡಿದರು.

"ಇವೆಲ್ಲ ಕೇಳಿರೋದು ಮೇಡಂ. ಕೊಟ್ಟಿರೋದು ಎಲ್ಲಿ?"

ಬಾಗಿಲು ಹಾಕಿ, ಬೀಗಕ್ಕೆ ಬಿಳಿ ಬಟ್ಟೆ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಆಗ ಅಕ್ಕ ಮುಂದೆ ಬಂದಳು.

"ಸ್ವಾಮಿ, ಒಳಗೆ ಜನರ ಉಣ್ಣೆ ಐತೆ. ಮೂಟೆ ತೆಕ್ಕೊಳ್ತೀವಿ, ಆಮೇಲೆ ಹಾಕ್ರಿ. ಯಂತ್ರ ನಿಮ್ದೇ ಇಟ್ಕಳ್ರಿ."

"ಹಾಕಿದ ಮೇಲೆ ತೆಗೆಯೋ ಅಧಿಕಾರ ನನಗಿಲ್ಲಮ್ಮ. ಅರ್ಜಿ ಕೊಡಿ."

"ಈಗಷ್ಟೇ ಹಾಕಿದ್ರಿ. ಅರಗು ಇನ್ನೂ ಬಿಸಿ ಐತೆ."

ಅವರು ಜೀಪು ಹತ್ತಿದರು. ಬೇವಿನ ಕೆಳಗಿದ್ದ ಹೆಂಗಸರು ಅಕ್ಕನ ಕಡೆ ನೋಡುತ್ತಿದ್ದರು. ಆ ನೋಟ ನನ್ನ ಮೈಮೇಲೂ ಬಿತ್ತು.

ಮೂಟೆ ತೆಗೆಸಲು ನಾನು ಅರ್ಜಿ ಬರೆದೆ. ಉಣ್ಣೆ ಯಾರದೆಂದು ರುಜುವಾತು ಕೇಳಿದರು. ಕುರಿಯ ಮೈಮೇಲಿಂದ ಇಳಿದ ಉಣ್ಣೆಗೆ ಯಾವ ರಸೀದಿ? ಒಬ್ಬೊಬ್ಬರೇ ಹೆಬ್ಬೆಟ್ಟೊತ್ತಿ ನಮ್ಮದೆಂದು ಬರೆದುಕೊಟ್ಟರು. ಮಳೆಗಾಲ ಕಳೆಯಿತು. ನಾಲ್ಕೂ ಕಡೆಯ ಆ ಕಿಟಕಿಗಳಿಂದ ಇರಚಲು ಒಳಗೆ ಹೊಡೆಯಿತು. ಹೊರಗೆ ನಿಂತರೆ ವಾಸನೆ ಬರುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಹೋಗಿ ಕಿಟಕಿಯ ಸರಳಿನಿಂದ ಒಳಗೆ ನೋಡಿ ಬರುತ್ತಿದ್ದಳು. ಮುದ್ರೆ ತೆಗೆದ ದಿನ ಮೂಟೆ ಬಿಚ್ಚಿದರೆ ಉಣ್ಣೆ ಕೈಗೆ ಹಿಡಿಹಿಡಿಯಾಗಿ ಕಿತ್ತು ಬಂತು. ಅರ್ಧ ಕೊಳೆತಿತ್ತು, ಅರ್ಧ ಹುಳು ತಿಂದಿತ್ತು. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತೇನೋ. ಅವರು ಕೊಳೆತದ್ದನ್ನೇ ಹೊತ್ತುಕೊಂಡು ಹೋದರು. ಮಾರನೆಯ ವರ್ಷ ಅಕ್ಕ ಮಾವನ ಮಂದೆಯಲ್ಲಿ ಕೂಲಿಗೆ ದುಡಿದು, ಕೂಲಿಯ ಬದಲು ಉಣ್ಣೆಯನ್ನೇ ಇಸಿದುಕೊಂಡು ಅವರವರ ಮನೆಗೆ ಮುಟ್ಟಿಸಿದಳು. ಅವ್ವ ಆ ಚಳಿಗಾಲ ದಾಟಲಿಲ್ಲ.

ಅದಾದ ಮೇಲೆ ಏಕಗವಾಕ್ಷಿ ಎಂಬ ಮಾತು ಬಂತು. ಇನ್ನು ಉದ್ಯಮ ಮಾಡುವವರು ಕಚೇರಿ ಕಚೇರಿ ಅಲೆಯಬೇಕಿಲ್ಲ, ಎಲ್ಲ ಅನುಮತಿಯೂ ಒಂದೇ ಕಿಟಕಿಯಲ್ಲಿ ಸಿಗುತ್ತದೆ ಎಂದರು. ಜಿಲ್ಲಾ ಕೇಂದ್ರದಲ್ಲಿ ಸಭೆ. ಮಹಿಳಾ ಉದ್ಯಮಿ ಎಂದು ಅಕ್ಕನಿಗೂ ಕರೆ ಬಂದಿತ್ತು. ಯಾವ ಪಟ್ಟಿಯಿಂದ ಅವಳ ಹೆಸರು ತೆಗೆದರೋ ಗೊತ್ತಿಲ್ಲ. ಹಾರ, ಭಾಷಣ, ಪೊಟ್ಟಣದಲ್ಲಿ ಖಾರ ಬೂಂದಿ. ಪ್ರಶ್ನೆ ಕೇಳಬಹುದು ಎಂದಾಗ ಅಕ್ಕ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು.

"ನಂದೊಂದು ಉಣ್ಣೆ ಯಂತ್ರ ಐತೆ. ಆ ಕಿಟಕಿಗೆ ನಾನೂ ಬರ್ಬೋದಾ?"

ವೇದಿಕೆಯ ಅಧಿಕಾರಿ ಪಕ್ಕದವರ ಹತ್ತಿರ ಮಾತಾಡಿ, ನಗುತ್ತಲೇ ಹೇಳಿದರು. "ಇದು ಹೊಸ ಘಟಕಗಳಿಗಮ್ಮ. ನಿಮ್ಮದು ಹಳೆ ಘಟಕ, ಅದರ ಮೇಲೆ ಮುದ್ರೆ ಹಾಕಿದ ಕೇಸಿದೆ. ಮೊದಲು ಅದು ಇತ್ಯರ್ಥ ಆಗಲಿ."

"ಅದು ಒಂದಿನಾನೂ ಲೈಸೆನ್ಸ್ ಕಂಡಿಲ್ಲ ಸ್ವಾಮಿ. ಹಳೇದು ಹೆಂಗಾಯ್ತು?"

ಸಭೆಯಲ್ಲಿ ಕೆಲವರು ನಕ್ಕರು. ಮುಂದಿನ ಪ್ರಶ್ನೆ ತೆಗೆದುಕೊಂಡರು. ಬಸ್ಸಿನಲ್ಲಿ ಬರುವಾಗ ಅಕ್ಕ ತನ್ನ ಬೂಂದಿ ಪೊಟ್ಟಣವನ್ನು ಪಕ್ಕದ ಮಗುವಿಗೆ ಕೊಟ್ಟಳು. ಊರು ಹತ್ತಿರ ಬಂದಾಗ, "ಯಂತ್ರ ಮಾರ್ಬಿಡ್ತೀನಿ," ಎಂದಳು.

ಕೊಂಡವನು ಗಡಿಯಾಚೆ, ಆಂಧ್ರದ ರಾಯದುರ್ಗದ ಕಡೆಯವನು. ಈಗ ಅದು ಅಲ್ಲಿ ನಡೆಯುತ್ತದೆ. ಅಕ್ಕನೊಡನೆ ನಾನೂ ಒಮ್ಮೆ ಹೋಗಿದ್ದೆ. ಲೈಸೆನ್ಸ್ ಹೇಗೆ ಮಾಡಿಸಿದೆ ಎಂದು ಕೇಳಿದೆ. "ಪಿಂಡಿ ಗಿರಣಿ ಪೇರು ಮೀದ ಕರೆಂಟ್ ಉಂದಮ್ಮಾ. ಎವರೂ ಅಡಗಲೇದು," ಎಂದ. ಹಿಟ್ಟಿನ ಗಿರಣಿಯ ಹೆಸರಿನಲ್ಲಿ ಕರೆಂಟು ಇದೆಯಂತೆ, ಯಾರೂ ಕೇಳಿಲ್ಲವಂತೆ. ಅಕ್ಕ ಕೇಳಿಸಿಕೊಂಡು, ತಾನೇ ಒಮ್ಮೆ ಎಣ್ಣೆ ಹಾಕುತ್ತಿದ್ದ ಉರುಳೆಗಳನ್ನು ನೋಡುತ್ತ ನಿಂತಿದ್ದಳು. ಸುಳ್ಳು ಬರೆಯುವುದು ನಮ್ಮ ಮೂವರಲ್ಲಿ ಅವನೊಬ್ಬನಿಗೆ ಮಾತ್ರ ಹೊಳೆದಿತ್ತು. ನಾನು ಅಷ್ಟು ಅರ್ಜಿ ಬರೆದೆ, ಒಂದರಲ್ಲೂ ಸುಳ್ಳಿರಲಿಲ್ಲ ಎಂದು ಆಗ ನನಗೆ ಹೆಮ್ಮೆಯಾಗಲಿಲ್ಲ, ಹೊಟ್ಟೆ ಉರಿಯಿತು.

ಸಣ್ಣ ಮೋಟರಿನ ಗುಡಿಕೈಗಾರಿಕೆಗೆ ಅಂಥ ಅನುಮತಿಗಳು ಬೇಡವೆಂದು ಆದೇಶ ಬಂದಿದೆ ಎಂದು ಆಮೇಲೆ ಯಾವಾಗಲೋ ಪಂಚಾಯ್ತಿ ಕಾರ್ಯದರ್ಶಿಯೇ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ. ಸಂತೋಷದಿಂದಲೇ ಹೇಳಿದ. ಅವನ ಕಷ್ಟವೂ ಕಡಿಮೆಯಾಗಿತ್ತಲ್ಲ. ಅಕ್ಕನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಅದೇ ವರ್ಷ ಸಮೀಕ್ಷೆಗೆಂದು ಒಬ್ಬ ಹುಡುಗಿ ಬಂದಳು. ಉದ್ಯಮ ನಡೆಸಲು ಸರ್ಕಾರದಿಂದ ಏನೇನು ಅಡಚಣೆಯಾಯಿತು ಎಂಬುದು ಅವಳ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ಏನೂ ಆಗ್ಲಿಲ್ಲ ಅಂತ ಬರ್ಕಳಮ್ಮ."

ಹುಡುಗಿ ಬರೆದುಕೊಂಡು, ನೀರು ಕುಡಿದು ಹೋದಳು. ಯಾಕೆ ಹಾಗೆ ಹೇಳಿದೆ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

"ನಿಜ ಹೇಳಿದ್ರೆ ಅದುಕ್ಕೂ ದಾಖಲೆ ಕೇಳೋಳು. ಮತ್ತೆ ನೀನು ಬರಿಯೋಕೆ ಕೂರ್ತಿದ್ದೆ," ಎಂದಳು.

ಆ ವಾರವೂ ಅವಳು ಹಟ್ಟಿಯ ಹೆಂಗಸರ ಉಣ್ಣೆಯನ್ನು ಒಟ್ಟು ಮಾಡಿ ರಾಯದುರ್ಗಕ್ಕೆ ಹೊರಟಳು. ಹಿಂಜಿಸಿ ತಂದುಕೊಟ್ಟರೆ ಅವರು ಅವಳಿಗೆ ಒಂದಿಷ್ಟು ಉಣ್ಣೆ ಬಿಡುತ್ತಾರೆ. ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಸಲು ನಾನೂ ಜೊತೆಗೆ ಹೋಗಿದ್ದೆ. ಕಂಡಕ್ಟರು ಮೂಟೆಯಲ್ಲಿ ಏನಿದೆ ಎಂದು ಕೇಳಿದ. ಅಕ್ಕ ಅವನಿಗೆ, ಹಾಸಿಗೆ ಎಂದಳು.